ನಾನು ಇಳಿಸಿದ ರಿಷಭ

ಸಾಹುಕಾರ್ರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರ ಅಂಗಿಯಿಂದ ಹುಚ್ಚೆಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಅವರ ಅಣ್ಣಂದಿರ ಎಣ್ಣೆ ಅಂಗಡಿ ಇತ್ತು. ಬೆಳಗ್ಗೆಯೆಲ್ಲ ಅಲ್ಲಿ ಕೂತು, ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದ ಮೇಲೆ, ಐದು ಗೆರೆಗಳ ಮೇಲೆ ಸಂಗೀತ ಬರೆಯುವುದನ್ನು ಕಲಿಯಲು ನನ್ನ ತಂದೆಯ ಬಳಿ ಬಂದಿದ್ದರು. ನನ್ನ ತಂದೆ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಪಿಂಚಣಿ ಪಡೆದವರು. ಅವರ ಹತ್ತಿರ ಅಲ್ಲಿಯವರೆಗೆ ಕಲಿತವರೆಲ್ಲ ನಮ್ಮ ಚರ್ಚಿಗೆ ಬರುವ ಮನೆಗಳವರೇ. ಹಣೆಗೆ ವಿಭೂತಿ ಹಚ್ಚಿಕೊಂಡು, ಮೂವತ್ತು ದಾಟಿದ ವಯಸ್ಸಿನಲ್ಲಿ ಸ್ಲೇಟು ಹಿಡಿದು ಬಂದ ವ್ಯಾಪಾರಿಯನ್ನು ನೋಡಿ ನನಗೆ ನಗು ಬಂತು. ನನ್ನ ತಂದೆಗೆ ಬರಲಿಲ್ಲ.

ಎಣ್ಣೆ ಅಂಗಡಿಯವರೆಂದು ಊರು ಅವರನ್ನು ಸಾಹುಕಾರ್ರು ಎನ್ನುತ್ತಿತ್ತೇ ಹೊರತು ಅಂಗಡಿಯ ವ್ಯವಹಾರವೆಲ್ಲ ಅಣ್ಣಂದಿರದು. ಇವರು ಚಿಕ್ಕಂದಿನಲ್ಲಿ ಮಠದಲ್ಲಿ ಬೆಳೆದು ಅಲ್ಲಿಯೇ ಹಾಡುವುದನ್ನು ಕಲಿತವರು. ರಾಗಗಳು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಅವರ ತಲೆಯಲ್ಲಿ ಬೇರೆಯೇ ಒಂದು ಹುಚ್ಚಿತ್ತು.

"ಒಬ್ಬರು ಹಾಡಿದರೆ ಒಂದು ರಾಗ, ಸರಿ. ಇಪ್ಪತ್ತು ಜನ ಇಪ್ಪತ್ತು ದಾರೀಲಿ ನಡೆದೂ ಅದೇ ರಾಗದ ಒಳಗೇ ಇರೋದಕ್ಕೆ ಆಗೋಲ್ವೇ, ದೊಡ್ಡ ಮೇಷ್ಟ್ರೇ?" ಎಂದು ಅವರು ನನ್ನ ತಂದೆಯನ್ನು ಕೇಳಿದರು.

"ಆಗಬೌದು. ಬರೆದು ನೋಡಿ," ಎಂದರು ನನ್ನ ತಂದೆ.

ಎರಡು ವರ್ಷದಲ್ಲಿ ಅವರು ನನ್ನ ತಂದೆ ಕಲಿಸಬಹುದಾದದ್ದನ್ನೆಲ್ಲ ಕಲಿತು ಮುಗಿಸಿದರು. ನನ್ನ ತಂದೆ ದೊಡ್ಡ ಮೇಷ್ಟ್ರು ಆಗಿದ್ದರಿಂದ ನಾನು ಅವರ ಬಾಯಲ್ಲಿ ಚಿಕ್ಕ ಮೇಷ್ಟ್ರಾದೆ. ಆಗ ನನಗೆ ಇಪ್ಪತ್ತೇಳು ವರ್ಷ. ಮನೆಮನೆಗೆ ಹೋಗಿ ಪಿಟೀಲು ಪಾಠ ಹೇಳುತ್ತಿದ್ದೆ, ಭಾನುವಾರ ಚರ್ಚಿನಲ್ಲಿ ನುಡಿಸುತ್ತಿದ್ದೆ. ಅವರು ಗೌರವದಿಂದಲೇ ಕರೆಯುತ್ತಿದ್ದ ಆ 'ಚಿಕ್ಕ' ಎಂಬ ಮಾತು ನನಗೆ ಪ್ರತಿ ಸಲವೂ ಚುಚ್ಚುತ್ತಿತ್ತು.

ಚುಚ್ಚುವುದಕ್ಕೆ ಕಾರಣ ಇತ್ತು. ನಾನೂ ಬರೆಯುತ್ತಿದ್ದೆ. ಮೆರವಣಿಗೆಯಲ್ಲಿ ಬ್ಯಾಂಡು ಊದಲು ಹೊಂದುವಂಥ ಒಂದು ನಡೆಯನ್ನು ಬರೆದು ನನ್ನ ತಂದೆಗೆ ತೋರಿಸಿದ್ದೆ. ಅವರು ಓದಿ, "ಚೆನ್ನಾಗಿದೆ ಕಣೋ," ಎಂದು ಹಾಳೆಯನ್ನು ಮಡಚಿ ಕೊಟ್ಟಿದ್ದರು. ಅದೇ ವಾರ ಸಾಹುಕಾರ್ರು ಬರೆದು ತಂದ ಒಂದು ಪುಟವನ್ನು ಅವರು ಕಿಟಕಿಯ ಬಳಿ ಹಿಡಿದುಕೊಂಡು ಅರ್ಧ ಗಂಟೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನನ್ನ ನಡೆಯನ್ನು ಸಾಹುಕಾರ್ರು ಕೇಳಿ ಪಡೆದುಕೊಂಡು ಹೋದರು. ಹಿಂದಿರುಗಿಸಿದಾಗ ಒಂದು ಕಡೆ ಪೆನ್ಸಿಲಿನಲ್ಲಿ ತೆಳ್ಳಗೆ ಹೀಗೆ ಬರೆದಿತ್ತು: 'ಇಲ್ಲಿ ಊದುವವರಿಗೆ ಉಸಿರು ಬೇಕಲ್ಲವೇ?' ಬೇಕಾಗಿತ್ತು. ಬ್ಯಾಂಡಿನವರ ಮಗನಾದ ನನಗೆ ಹೊಳೆಯದ್ದು ಎಣ್ಣೆ ಅಂಗಡಿಯವರಿಗೆ ಹೊಳೆದಿತ್ತು. ಆ ಹಾಳೆಯನ್ನು ನಾನು ಒಲೆಗೆ ಹಾಕಿದೆ. ಅವರನ್ನು ಮೆಚ್ಚದೆ ಇರಲಾಗದು ಎಂದು ತಿಳಿದ ದಿನವೇ ಅವರ ಮೇಲಿನ ನನ್ನ ಸಿಟ್ಟು ಗಟ್ಟಿಯಾಯಿತು.

ಅವರ ಕೃತಿಯನ್ನು ನುಡಿಸಲು ಒಂದು ವಾದ್ಯಮೇಳ ಕೂಡಿತು. ಬ್ಯಾಂಡು ಬಿಟ್ಟ ನಾಲ್ಕೈದು ಜನ, ಕೊಳಲಿನವರೊಬ್ಬರು, ಒಂದು ವೀಣೆ, ಒಂದು ಮೃದಂಗ, ನೆಲಕ್ಕೂರಿ ನುಡಿಸುವ ಒಂದು ದೊಡ್ಡ ಪಿಟೀಲು, ಮಿಕ್ಕವರೆಲ್ಲ ಪಿಟೀಲಿನವರು, ಒಟ್ಟು ಇಪ್ಪತ್ತೆರಡು ಮಂದಿ. ಎಣ್ಣೆ ಅಂಗಡಿಯ ಮೇಲಿನ ಗೋದಾಮಿನಲ್ಲಿ ಸಂಜೆ ಅಭ್ಯಾಸ. ಕೆಳಗಡೆ ಡಬ್ಬ ಎಳೆಯುವ ಸದ್ದು, ಮೇಲೆ ನಾವು. ಪ್ರತಿಯೊಬ್ಬರ ಹಾಳೆಯನ್ನೂ ಬರೆದವನು ನಾನೇ, ನನ್ನ ಕೈಬರಹ ದುಂಡಗಿತ್ತು. ಸಾಹುಕಾರ್ರು ಒಂದು ಬಿದಿರಿನ ಕಡ್ಡಿ ಹಿಡಿದು ಮುಂದೆ ನಿಲ್ಲುತ್ತಿದ್ದರು. ನನ್ನದು ಎರಡನೇ ಪಿಟೀಲು, ಆ ಪಾಲು ನುಡಿಸುವವನು ನಾನೊಬ್ಬನೇ.

ಕೃತಿ ಮೋಹನ ರಾಗದಲ್ಲಿತ್ತು. ಅದರ ನಡುವೆ ಒಂದು ಹನ್ನೆರಡು ಆವರ್ತಗಳ ಭಾಗ ಇತ್ತು. ಅದನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಲ್ಲಿ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಎರಡನೇ ಪಿಟೀಲು ಮಾತ್ರ ರಿಷಭವೊಂದನ್ನೇ ಉದ್ದಕ್ಕೆ ಹಿಡಿದಿರುತ್ತದೆ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ, ಆ ರಿಷಭವನ್ನೇ ಷಡ್ಜವೆಂದುಕೊಂಡು ಬಂದು ಸೇರುತ್ತಾರೆ. ಒಂದು ಸ್ವರವೂ ಹೊಸದಾಗಿ ಬರುವುದಿಲ್ಲ, ಆದರೆ ಮೋಹನ ಹೋಗಿ ಮಧ್ಯಮಾವತಿ ಆಗಿರುತ್ತದೆ. ಕೂತ ಮನೆಯಲ್ಲೇ ಕೂತಿದ್ದು, ಬಾಗಿಲು ಮಾತ್ರ ಬೇರೊಂದು ಬೀದಿಗೆ ತೆರೆದ ಹಾಗೆ. ಅಭ್ಯಾಸದಲ್ಲಿ ಅದು ಮೊದಲ ಬಾರಿಗೆ ಸರಿಯಾಗಿ ಕೂಡಿದ ಸಂಜೆ ಮೃದಂಗದವರು, "ಇದೇನ್ರಪ್ಪಾ ಇದು!" ಎಂದು ಕೈ ನಿಲ್ಲಿಸಿಬಿಟ್ಟರು. ಕೆಳಗೆ ಡಬ್ಬದ ಸದ್ದೂ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು. ಆ ಸಂಜೆ ನನ್ನ ಪಾಲಿಗೆ ಇರದೇ ಹೋಗಿದ್ದರೆ ನನ್ನ ತಪ್ಪು ಇಷ್ಟು ದೊಡ್ಡದಾಗುತ್ತಿರಲಿಲ್ಲ. ಆ ಭಾಗ ಎಂಥದೆಂದು ನನಗೆ ಗೊತ್ತಿತ್ತು.

ಕೃತಿಯನ್ನು ಊರಿನ ಮುಂದೆ ನುಡಿಸಬೇಕಿದ್ದ ಸಭೆಗೆ ಹತ್ತು ದಿನ ಇರುವಾಗ ಸಾಹುಕಾರ್ರು ಆ ಜಾಗದಲ್ಲಿ ಕಡ್ಡಿ ಕೆಳಗಿಳಿಸಿದರು. ಎಲ್ಲರೂ ನಿಲ್ಲಿಸಿದೆವು.

"ಚಿಕ್ಕ ಮೇಷ್ಟ್ರೇ, ನೀವು ಸ್ವರ ಹಿಡೀತಾ ಇದ್ದೀರಿ, ಕೇಳಿಸ್ಕೊಳ್ತಾ ಇಲ್ಲ," ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. "ನೀವು ಕೇಳಿಸ್ಕೊಂಡರೆ ಮಿಕ್ಕವರು ತಾವಾಗಿಯೇ ನಿಮ್ಮ ಹತ್ತಿರ ಬರ್ತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಅವರು ಹೇಳಿದ್ದು ನಿಜ ಎಂಬುದೇ ಹೆಚ್ಚು ಉರಿಸಿತು.

ಅಭ್ಯಾಸ ಮುಗಿದ ಮೇಲೆ ಮಾರುಕಟ್ಟೆಯ ಹತ್ತಿರದ ಕಾಫಿ ಹೋಟೆಲಿಗೆ ನಾವು ನಾಲ್ಕು ಜನ ಹೋದೆವು. ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತಿದ್ದವರು ನಮ್ಮ ಪೈಕಿ ಹಿರಿಯರು, ಬ್ಯಾಂಡಿನಲ್ಲಿ ನನ್ನ ತಂದೆಯ ಕೈಕೆಳಗೆ ಇದ್ದವರು.

"ಎಣ್ಣೆ ಅಳೆಯೋನು ಬಂದು ನಮಗೆ ಸ್ವರ ಅಳೆಯೋದು ಹೇಳ್ಕೊಡ್ತಾನೆ, ನೋಡ್ರಯ್ಯಾ," ಎಂದರು ಅವರು. "ನಿಮ್ಮಪ್ಪ ಸದರ ಕೊಟ್ಟು ಕೊಟ್ಟು ತಲೆ ಮೇಲೆ ಕೂರಿಸ್ಬುಟ್ರು. ಎಲ್ಲರ ಮುಂದೆ ಒಂದ್ಸಲ ಜಾರಿ ಬಿದ್ರೆ ಗೊತ್ತಾಯ್ತದೆ ಆಯಪ್ಪಂಗೆ."

"ಎಂಗೆ ಬೀಳ್ತಾನೆ?" ಎಂದು ಇನ್ನೊಬ್ಬರು ಕೇಳಿದರು.

ಕಾರ್ನೆಟಿನವರು ನನ್ನ ಕಡೆ ತಿರುಗಿದರು. "ನೀನು ಇಡ್ಕೊಂಡು ನಿಂತ್ಕೋತೀಯಲ್ಲ ಆ ಸ್ವರ, ಅದನ್ನ ಒಂಚೂರು ಇಳಿಸ್ಬುಡು. ಒಂಚೂರೇ ಸಾಕು. ನಾವು ಒಂದೇಟು ತಡವಾಗಿ ಬತ್ತೀವಿ. ಮಿಕ್ಕಿದ್ದು ತಾನಾಗೇ ಆಯ್ತದೆ. ಯಾರಿಗೂ ತಿಳಿಯಾಕಿಲ್ಲ ಕಣೋ."

ಬೇಡವೆಂದೆ ಎಂದು ಬರೆಯಲು ನನಗೆ ಆಸೆ. ಹೇಳಲಿಲ್ಲ. ಲೋಟದ ತಳದಲ್ಲಿ ಉಳಿದ ಕಾಫಿಯನ್ನು ಅಲ್ಲಾಡಿಸುತ್ತಾ ನಕ್ಕೆ. ಆ ನಗುವನ್ನು ಅವರು ಒಪ್ಪಿಗೆ ಎಂದುಕೊಂಡರು. ಅದು ಒಪ್ಪಿಗೆಯೇ ಆಗಿತ್ತು.

ಸಭೆ ನಡೆದದ್ದು ಒಂದು ಛತ್ರದಲ್ಲಿ, ದಸರೆಯ ದಿನಗಳಲ್ಲಿ, ಸಂಜೆ ಐದಕ್ಕೆ. ಊರಿನ ಸಂಗೀತಗಾರರು ಬಂದಿದ್ದರು. ಮಠದಿಂದ ಸ್ವಾಮಿಗಳು ಬಂದು ಗದ್ದುಗೆಯ ಮೇಲೆ ಕೂತಿದ್ದರು. ನನ್ನ ತಂದೆ ಹಳೆಯ ಕರಿಯ ಕೋಟು ತೊಟ್ಟು ಮುಂದಿನ ಸಾಲಿನಲ್ಲಿದ್ದರು. ಸಾಹುಕಾರ್ರ ಹೆಂಡತಿ ಹೆಂಗಸರ ಕಡೆ ಕಂಬಕ್ಕೆ ಒರಗಿ ನಿಂತಿದ್ದುದನ್ನು ಕಂಡೆ.

ಮೊದಲ ಭಾಗ ಚೆನ್ನಾಗಿ ಹೋಯಿತು. ಜನ ಕೇಳುತ್ತಿದ್ದಾರೆ ಎಂದು ನಮಗೆಲ್ಲ ತಿಳಿಯುತ್ತಿತ್ತು. ಆ ಜಾಗ ಹತ್ತಿರವಾದ ಹಾಗೆ, ಮಾಡುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಎಲ್ಲ ವಾದ್ಯಗಳೂ ನಿಂತವು. ನನ್ನ ರಿಷಭ ಒಂದೇ ಉಳಿಯಿತು. ಶುದ್ಧವಾಗಿತ್ತು. ಸಾಹುಕಾರ್ರು ನನ್ನನ್ನು ನೋಡಿ, ಹೌದು ಎಂಬಂತೆ ತಲೆ ಆಡಿಸಿ, ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದ ಮೇಲೆ ನಾನು ಬೆರಳನ್ನು ಹಿಂದಕ್ಕೆ ಸರಿಸಿದೆ.

ಒಂದು ಕೂದಲಿನಷ್ಟು. ಅಷ್ಟೇ. ವೀಣೆ ಬಂದು ಸೇರಿತು, ಸೇರಲಿಲ್ಲ. ಕೊಳಲಿನವರು ಯಾರ ಜೊತೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತರು. ಕಾರ್ನೆಟಿನವರು ಹೇಳಿದ್ದ ಹಾಗೆಯೇ ತಡವಾಗಿ ಬಂದರು, ಅವರ ಹಿಂದೆ ಉಳಿದಿಬ್ಬರು. ಅದು ಸಂತೆಯ ಗದ್ದಲದಂತಾಯಿತು. ಹಿಂದೆಲ್ಲೋ ಯಾರೋ ನಕ್ಕರು, ಆಮೇಲೆ ಹಲವರು. "ಪಂಕ್ತೀಲಿ ಎಲ್ಲರೂ ಒಟ್ಟಿಗೆ ಪಾಯಸ ಕೇಳ್ದಂಗಿದೆ ಕಣ್ರೀ," ಎಂಬ ಮಾತು ನಮಗೂ ಕೇಳಿಸಿತು. ಸಾಹುಕಾರ್ರು ಕಣ್ಣು ತೆರೆದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಡ್ಡಿ ಆಡಿಸುವುದನ್ನು ಬಿಡಲಿಲ್ಲ. ಹೇಗೋ ಕೊನೆ ಮುಟ್ಟಿದೆವು. ಅವರು ತಿರುಗಿ ಜನಕ್ಕೆ ಕೈಮುಗಿದರು.

ಮನೆಗೆ ನನ್ನ ತಂದೆಯೂ ನಾನೂ ನಡೆದು ಬಂದೆವು. ಚರ್ಚಿನ ಬೀದಿಗೆ ತಿರುಗುವಾಗ ಅವರು ಕೇಳಿದರು, "ಬೆರಳು ಜಾರ್ತೇನೋ?"

"ಹೂಂ ಅಪ್ಪ, ಜಾರ್ತು," ಎಂದೆ.

ಭಾನುವಾರ ಊಟವಾದ ಮೇಲೆ ನನ್ನ ಕೈಲಿ ಏನಾದರೂ ನುಡಿಸಿ ಕೇಳುವುದು ಅವರ ರೂಢಿ. ಆ ಭಾನುವಾರ ಕೇಳಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನವೂ ಕೇಳಲಿಲ್ಲ.

ಮೂರನೆಯ ದಿನ ಸಾಹುಕಾರ್ರು ಹಾಳೆಗಳ ಕಟ್ಟನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನು ಅಲ್ಲಿಯೇ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ.

"ತಪ್ಪು ನನ್ನದೇ, ಚಿಕ್ಕ ಮೇಷ್ಟ್ರೇ," ಎಂದರು ಅವರು. "ನಿಮ್ಮಂಥವರ ಕೈಲೇ ಆಗಲಿಲ್ಲ ಅಂದರೆ ಬರೆದಿರೋದರಲ್ಲೇ ದೋಷ ಇದೆ. ಕಾಗದದ ಮೇಲೆ ಚೆನ್ನಾಗಿದ್ದದ್ದನ್ನ ನಂಬಿಬಿಟ್ಟೆ. ನಿಮ್ಮೆಲ್ಲರ ಮರ್ಯಾದೆ ಕಳೆದೆ."

ಆ ಹನ್ನೆರಡು ಆವರ್ತಗಳನ್ನು ಎಲ್ಲರ ಹಾಳೆಗಳಲ್ಲೂ ಮುಚ್ಚಿಬಿಡಬೇಕೆಂದು ಅವರು ನಿರ್ಧರಿಸಿ ಬಂದಿದ್ದರು. ಪುಟವನ್ನು ಹೊಸದಾಗಿ ಬರೆಯುವುದು ದಂಡ, ಮೇಲೆ ಕಾಗದ ಅಂಟಿಸಿದರೆ ಸಾಕು ಎಂದರು. ನನ್ನ ಹೆಂಡತಿ ಗಂಜಿ ಕಾಯಿಸಿ ಕೊಟ್ಟಳು. ಹಜಾರದ ನೆಲದ ಮೇಲೆ ಎದುರು ಬದುರಾಗಿ ಕೂತೆವು. ಅವರು ಕತ್ತರಿಯಿಂದ ಕಾಗದದ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ ಕೊಡುವರು, ನಾನು ಗಂಜಿ ಬಳಿದು ಅಂಟಿಸುವೆ. ಇಪ್ಪತ್ತೆರಡು ಹಾಳೆ. ನನ್ನ ಕೈಯಾರೆ ಬರೆದದ್ದನ್ನು ನನ್ನ ಕೈಯಾರೆ ಮುಚ್ಚಿದೆ. ಪ್ರತಿ ಪಟ್ಟಿಯ ಮೇಲೂ ಅವರು ಹೆಬ್ಬೆರಳಿನಿಂದ ಒತ್ತಿ, ಗಾಳಿ ಉಳಿಯದ ಹಾಗೆ ನೇವರಿಸುತ್ತಿದ್ದರು. ಒಳಗಿನಿಂದ ನನ್ನ ತಂದೆ ಬಂದು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, ಒಳಕ್ಕೆ ಹೋದರು. ಎಲ್ಲ ಮುಗಿದ ಮೇಲೆ ಸಾಹುಕಾರ್ರು ತಮ್ಮ ಮೂಲಪ್ರತಿಯಿಂದ ಆ ಎಲೆಯನ್ನು ಹರಿದು, ನಾಲ್ಕಾಗಿ ಮಾಡಿ, ನಮ್ಮ ಮನೆಯ ಒಲೆಗೆ ಹಾಕಲು ಕೊಟ್ಟರು.

ಆ ಶನಿವಾರ ನಾನು ಚರ್ಚಿಗೆ ಹೋಗಿ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿಕೊಂಡೆ. ಏನೆಂದು? 'ಕೆಲಸದಲ್ಲಿ ಅಜಾಗರೂಕನಾಗಿದ್ದೆ, ಅದರಿಂದ ಒಬ್ಬರಿಗೆ ನೋವಾಯಿತು' ಎಂದು. ಪಾದ್ರಿಗಳು ಮೂರು ಜಪ ಮಾಡಲು ಹೇಳಿ ಕ್ಷಮೆ ಕೊಟ್ಟರು. ನಾನು ಮಾಡದ ಪಾಪಕ್ಕೆ ಕ್ಷಮೆ ತೆಗೆದುಕೊಂಡು ಹೊರಗೆ ಬಂದೆ.

ಕೃತಿಯನ್ನು ಆ ಭಾಗವಿಲ್ಲದೆ ಇನ್ನೆರಡು ಸಲ ನುಡಿಸಿದೆವು. ಯಾರೂ ನಗಲಿಲ್ಲ. ಯಾರೂ ಕೈ ನಿಲ್ಲಿಸಿ ಇದೇನೆಂದು ಕೇಳಲೂ ಇಲ್ಲ. ಮದುವೆಗಳಲ್ಲಿ ನುಡಿಸುವ ಹತ್ತು ಕೃತಿಗಳಲ್ಲಿ ಅದೂ ಒಂದು ಎನ್ನುವ ಹಾಗಾಯಿತು. ಕೆಲವು ತಿಂಗಳಲ್ಲಿ ಮೇಳ ಚೆದುರಿಹೋಯಿತು. ಸಾಹುಕಾರ್ರು ಅಂಗಡಿಯನ್ನೂ ಬಿಟ್ಟು, ಹೆಂಡತಿಯ ಅಣ್ಣನ ಗಾಣ ನೋಡಿಕೊಳ್ಳಲು ಕಡಕೊಳಕ್ಕೆ ಹೊರಟುಹೋದರು. ಕಾರ್ನೆಟಿನವರನ್ನು ಒಮ್ಮೆ ಮಾರುಕಟ್ಟೆಯಲ್ಲಿ ಹಿಡಿದು ನಿಲ್ಲಿಸಿ, ನಾವು ಮಾಡಿದ್ದು ತಪ್ಪಾಯಿತು ಎಂದೆ. "ಯಾವುದು?" ಎಂದರು ಅವರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ನೆನಪಿಸಿದ ಮೇಲೆ, "ಅಯ್ಯೋ, ಅದಾ? ಬುಡಯ್ಯಾ, ತಮಾಷೆಗೆ ಮಾಡಿದ್ದು," ಎಂದು ಸೊಪ್ಪಿನ ಚೌಕಾಸಿಗೆ ತಿರುಗಿದರು.

ಆರು ವರ್ಷ ಹೀಗೇ ಹೋಯಿತು. ಆಮೇಲೆ ನನ್ನ ತಂದೆ ತೀರಿಕೊಂಡರು. ಸುದ್ದಿ ಹೇಗೆ ತಿಳಿಯಿತೋ, ಮಣ್ಣಿನ ಹೊತ್ತಿಗೆ ಸಾಹುಕಾರ್ರು ರೈಲಿನಲ್ಲಿ ಬಂದು, ನಿಲ್ದಾಣದಿಂದ ನೇರವಾಗಿ ಸ್ಮಶಾನಕ್ಕೆ ನಡೆದು ಬಂದರು. ಕೂದಲು ನರೆತಿತ್ತು. ನಮ್ಮವರ ಪ್ರಾರ್ಥನೆ ಮುಗಿಯುವವರೆಗೆ ಚಪ್ಪಲಿ ಕಳಚಿ ದೂರದಲ್ಲಿ ನಿಂತಿದ್ದು, ಹಿಡಿ ಮಣ್ಣು ಹಾಕಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ನೆಂಟರಿಗೆಲ್ಲ ಕೇಳುವಂತೆ ಹೇಳಿದರು, "ದೊಡ್ಡ ಮೇಷ್ಟ್ರು ಪುಣ್ಯವಂತರು. ಒಂದು ದಿನವೂ ಸುಳ್ಳು ಸ್ವರ ನುಡಿಸದ ಮಗನ್ನ ಬಿಟ್ಟು ಹೋಗಿದ್ದಾರೆ."

ನಾನು ಅತ್ತೆ. ತಂದೆಗಾಗಿ ಅಳುತ್ತಿದ್ದೇನೆ ಎಂದು ಎಲ್ಲರೂ ಸಮಾಧಾನ ಹೇಳಿದರು.

ತಿಂಗಳ ಪ್ರಾರ್ಥನೆ ಕಳೆದ ಮಾರನೆಯ ದಿನ ನಂಜನಗೂಡಿನ ರೈಲು ಹತ್ತಿ ಕಡಕೊಳದಲ್ಲಿ ಇಳಿದೆ. ಸಾಹುಕಾರ್ರು ಗಾಣದ ಚಪ್ಪರದ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದರು. ಎತ್ತು ಸುತ್ತುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತು, ಹೆಂಡತಿಯನ್ನು ಕರೆದು ನೀರು ಮಜ್ಜಿಗೆ ತರಿಸಿದರು. ಕುಡಿಯುವ ಮೊದಲೇ ನಾನು ಹೇಳತೊಡಗಿದೆ. ಕಾಫಿ ಹೋಟೆಲು, ಕಾರ್ನೆಟಿನವರ ಮಾತು, ನನ್ನ ನಗು, ನನ್ನ ಬೆರಳು, ಎಲ್ಲವನ್ನೂ ಹೇಳಿದೆ. ಬೇಕೆಂದೇ ಇಳಿಸಿದೆ ಎಂಬುದನ್ನು ಎರಡು ಸಲ ಹೇಳಿದೆ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಮರೆಯಾಗಿ ನಿಂತಿದ್ದರು.

ಸಾಹುಕಾರ್ರು ಮಜ್ಜಿಗೆಯ ಲೋಟವನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ ಮುಖದಲ್ಲಿ ನಗು ಮೂಡಿತು.

"ನನಗೆ ಸಮಾಧಾನ ಹೇಳೋಕೆ ಅಷ್ಟು ದೂರದಿಂದ ಬಂದಿರಾ?" ಎಂದರು.

"ಸಮಾಧಾನ ಅಲ್ಲ ಸಾಹುಕಾರ್ರೇ. ನಡೆದದ್ದು. ನಿಮ್ಮ ಬರಹದಲ್ಲಿ ತಪ್ಪಿರಲಿಲ್ಲ. ತಪ್ಪು ಮಾಡಿದವನು ನಾನು."

"ತಂದೇನ ಕಳಕೊಂಡ ಸಂಕಟದಲ್ಲಿ ಮನುಷ್ಯನಿಗೆ ಎಲ್ಲ ತನ್ನದೇ ತಪ್ಪು ಅನ್ನಿಸ್ತದೆ," ಎಂದರು ಅವರು. "ನನ್ನ ಸೋಲನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡು ನನ್ನ ಎಬ್ಬಿಸಬೇಕು ಅಂತ ಬಂದಿದ್ದೀರಿ. ದೊಡ್ಡ ಮೇಷ್ಟ್ರ ರಕ್ತ ಅಲ್ಲವೇ. ಬೇಡಿ, ಇನ್ನು ಆ ಮಾತು ಆಡಬೇಡಿ. ನನಗೆ ನೋವಾಗ್ತದೆ."

ಮತ್ತೆ ಹೇಳಹೋದೆ. ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ತಲೆ ಅಲ್ಲಾಡಿಸಿದರು. ಅವರ ಮನಸ್ಸಿನಲ್ಲಿ ನನಗಿದ್ದ ಒಳ್ಳೆಯ ಜಾಗ ಎಷ್ಟು ಗಟ್ಟಿಯಾಗಿತ್ತೆಂದರೆ ನನ್ನ ನಿಜ ಅಲ್ಲಿಗೆ ಹೊಗಲಾರದೆ ಹಿಂದಕ್ಕೆ ಬಂತು.

ಅವರ ಹೆಂಡತಿ ನಂಬಿದರು. ಹಿತ್ತಲಿನ ನುಗ್ಗೆಕಾಯಿ ಕೊಡುವ ನೆಪದಲ್ಲಿ ನನ್ನ ಜೊತೆ ಬೇಲಿಯವರೆಗೆ ಬಂದರು. ಅಲ್ಲಿ ನಿಂತು, ಗಾಣದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು.

"ನೀವು ಹೇಳಿದ್ದು ದಿಟವೇ?"

"ದಿಟ, ಅಮ್ಮಾವ್ರೇ."

"ಅವತ್ತಿನಿಂದ ಅವರು ಒಂದು ಗೆರೆ ಬರೆದಿಲ್ಲ," ಎಂದರು ಅವರು. "ಮನೇಲಿ ಹಾಡೋದೂ ನಿಲ್ಲಿಸಿದರು. ನಾನೂ ಅವರದ್ದೇ ತಪ್ಪು ಅಂತ ತಿಳಕೊಂಡೆ. ಯಾರೂ ಮಾಡದ್ದು ನಿಮಗ್ಯಾಕೆ, ಊರ ಮುಂದೆ ನಗೆಪಾಟಲು ಆಯ್ತಲ್ಲ ಅಂತ ಅಂದೆ. ಒಂದು ಸಲ ಅಲ್ಲ, ಎಷ್ಟೋ ಸಲ ಅಂದೆ. ನೀವು ನನ್ನ ಬಾಯಲ್ಲೂ ಅದನ್ನ ಆಡಿಸಿಬಿಟ್ರಿ."

ಅವರು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು, ಅಷ್ಟೇ.

"ಇನ್ನೊಂದು ಸಲ ಅವರ ಮುಂದೆ ಇದನ್ನ ಹೇಳಬೇಡಿ. ಆ ಊರಲ್ಲಿ ಒಳ್ಳೇವರು ಅಂತ ಅವರು ನೆಚ್ಚಿಕೊಂಡಿರೋದು ನಿಮ್ಮನ್ನ, ನಿಮ್ಮ ತಂದೇನ. ಅದನ್ನೂ ಕಿತ್ಕೋಬೇಡಿ. ನಿಮಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಅವರ ಕೈಲಿ ಮತ್ತೆ ಬರೆಸಿ."

ಮನೆಗೆ ಬಂದವನೇ, ಮೇಳ ಚೆದುರಿದಾಗಿನಿಂದ ನನ್ನ ಬಳಿಯೇ ಉಳಿದಿದ್ದ ಹಾಳೆಗಳ ಕಟ್ಟು ಬಿಚ್ಚಿದೆ. ಒದ್ದೆ ಬಟ್ಟೆ ಒತ್ತಿ, ಗಂಜಿ ನೆನೆದ ಮೇಲೆ, ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿದೆ. ನಾನು ಬರೆದದ್ದು ಪುಡಿ ಕಲಸಿದ ಮಸಿಯಲ್ಲಿ. ಪಟ್ಟಿಯ ಜೊತೆಗೆ ಮಸಿಯೂ ಎದ್ದು ಬಂತು. ಕೆಳಗೆ ಉಳಿದದ್ದು ಐದೈದು ಗೆರೆ, ಅಲ್ಲಲ್ಲಿ ನೀಲಿ ಕಲೆ. ಮೂಲಪ್ರತಿಯ ಎಲೆ ನಮ್ಮ ಒಲೆಯಲ್ಲೇ ಸುಟ್ಟುಹೋಗಿತ್ತು. ನನ್ನ ಪಾಲಿನದು ನನಗೆ ಬಾಯಿಪಾಠ, ಆದರೆ ಅದು ಒಂದೇ ಸ್ವರ. ಅದರ ಸುತ್ತ ಇಪ್ಪತ್ತೊಂದು ಜನ ಏನು ನುಡಿಸುತ್ತಿದ್ದರೆಂದು ಹೇಳಬಲ್ಲವರು ಸಾಹುಕಾರ್ರೊಬ್ಬರೇ.

ಹಾಳೆಗಳನ್ನು ತೆಗೆದುಕೊಂಡು ಮತ್ತೆ ಕಡಕೊಳಕ್ಕೆ ಹೋದೆ. ಚರ್ಚಿನ ಹಬ್ಬಕ್ಕೆ ಶಾಲೆಯ ಹಜಾರದಲ್ಲಿ ಒಂದು ಕಛೇರಿ ಇದೆ, ನನ್ನ ತಂದೆಯ ನೆನಪಿಗೆ ನಿಮ್ಮ ಕೃತಿಯನ್ನು ಪೂರ್ತಿಯಾಗಿ ನುಡಿಸಬೇಕೆಂದಿದೆ, ಈ ಜಾಗ ತುಂಬಿಸಿಕೊಡಿ ಎಂದೆ. ಕಛೇರಿಯ ಮಾತು ಆ ಹೊತ್ತಿಗೆ ಸುಳ್ಳು, ಆಮೇಲೆ ಪಾದ್ರಿಗಳ ಕಾಲು ಹಿಡಿದು ನಿಜ ಮಾಡಿದೆ. ಸಾಹುಕಾರ್ರು ಖಾಲಿ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಹಳೇದು ನನಗೆ ನೆನಪಿಲ್ಲ," ಎಂದರು. ಆಮೇಲೆ, "ನೆನಪಿದೆ. ಬೇಡ," ಎಂದರು.

ಅವರ ಹೆಂಡತಿ ಒಳಗಿನಿಂದ ಮಸಿಕುಡಿಕೆಯನ್ನೂ ಲೇಖನಿಯನ್ನೂ ತಂದು ಮಣೆಯ ಪಕ್ಕದಲ್ಲಿ ಇಟ್ಟು ಹೋದರು.

ಮೂರು ವಾರದಲ್ಲಿ ಸಾಹುಕಾರ್ರು ಬರೆದು ಮುಗಿಸಿದರು. ತಾವೇ ಮೈಸೂರಿಗೆ ತಂದು, ನಮ್ಮ ಹಜಾರದಲ್ಲಿ ಹರವಿ, ನನ್ನ ಹಾಳೆಯನ್ನು ಮೊದಲು ನನ್ನ ಕೈಗೆ ಕೊಟ್ಟರು. ನೋಡಿದೆ. ಒಂಟಿಯಾಗಿ ಹಿಡಿದು ನಿಲ್ಲುವ ರಿಷಭ ಅಲ್ಲಿರಲಿಲ್ಲ. ಅದನ್ನು ವೀಣೆಯ ತಂತಿಗೂ ದೊಡ್ಡ ಪಿಟೀಲಿಗೂ ಹಂಚಿದ್ದರು. ಎರಡನೇ ಪಿಟೀಲಿಗೆ ಇದ್ದದ್ದು ನಾಲ್ಕು ಸರಳ ಸ್ವರಗಳು, ನಡುನಡುವೆ ಬೇಕಾದಷ್ಟು ವಿರಾಮ. ಮೊದಲ ವರ್ಷದ ಶಿಷ್ಯನೂ ನುಡಿಸಬಹುದಾಗಿತ್ತು.

"ನಿಮಗೆ ಈ ಸಲ ಸಲೀಸು ಮಾಡಿದ್ದೀನಿ," ಎಂದರು ಅವರು. "ಅವತ್ತು ಅಷ್ಟು ಭಾರ ನಿಮ್ಮೊಬ್ಬರ ಮೇಲೆ ಹೊರಿಸಿದ್ದೇ ತಪ್ಪು. ಆರು ವರ್ಷ ನೀವು ಅದನ್ನ ಮನಸ್ಸಲ್ಲಿಟ್ಟುಕೊಂಡು ಕೊರಗಿದ್ದೀರಿ ಅಂತ ಅವತ್ತು ನೀವು ಬಂದಾಗ ನನಗೆ ಗೊತ್ತಾಯ್ತು."

ನಿಜ ಮತ್ತೆ ನನ್ನ ಬಾಯಿಗೆ ಬಂದಿತ್ತು. ಬೇಲಿಯ ಹತ್ತಿರ ಅವರ ಹೆಂಡತಿ ಹೇಳಿದ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡೆ. "ಉಪಕಾರವಾಯ್ತು, ಸಾಹುಕಾರ್ರೇ," ಎಂದೆ.

ಹಬ್ಬದ ದಿನ ಮಧ್ಯಾಹ್ನ ಶಾಲೆಯ ಹಜಾರದಲ್ಲಿ ಹದಿನಾಲ್ಕು ಜನ ನುಡಿಸಿದೆವು. ಕಾರ್ನೆಟಿನವರನ್ನು ನಾನು ಕರೆದಿರಲಿಲ್ಲ. ಮುಂದೆ ನಮ್ಮ ಬೀದಿಯ ಹೆಂಗಸರು, ಅವರ ಪಕ್ಕದಲ್ಲಿ ಕಡಕೊಳದಿಂದ ಬಂದ ಸಾಹುಕಾರ್ರ ಹೆಂಡತಿ, ಹಿಂದೆ ದೇವರಾಜ ಮೊಹಲ್ಲಾದ ಅಣ್ಣಂದಿರು. ಆ ಜಾಗ ಬಂದಾಗ ಸಾಹುಕಾರ್ರು ಕಡ್ಡಿ ಆಡಿಸುತ್ತಲೇ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಆತಂಕ ಇತ್ತು, ಈ ಬಡಪಾಯಿ ಎಲ್ಲಿ ಎಡವುತ್ತಾನೋ ಎಂಬ ಕಾಳಜಿ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ನನ್ನ ನಾಲ್ಕು ಸ್ವರಗಳು ಸರಿಯಾಗಿ ಬಂದು ಹೋಗುವವರೆಗೆ ಕಾದಿದ್ದು, ಆಮೇಲೆ ಸಣ್ಣಗೆ ತಲೆಯಾಡಿಸಿ ಬೆನ್ನು ತಟ್ಟಿದಂತೆ ನಕ್ಕರು. ಮೋಹನ ಮಧ್ಯಮಾವತಿಯಾಯಿತು. ಚೆನ್ನಾಗಿತ್ತು. ಆದರೆ ಹಳೆಯದನ್ನು ಕೇಳಿದವನಿಗೆ, ಬಾಗಿಲಿದ್ದಲ್ಲಿ ಕಿಟಕಿ ಇಟ್ಟ ಹಾಗಿತ್ತು. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

ಸಾಹುಕಾರ್ರು ಮತ್ತೆ ಬರೆಯತೊಡಗಿದರು. ಅದೊಂದು ಆಯಿತು, ಅದರ ಸಂತೋಷ ನನಗಿದೆ. ಕೊನೆಯ ಕಾಲದವರೆಗೆ ಮೂರು ಕೃತಿ ಬರೆದರು. ಮೂರನ್ನೂ ನಾನೇ ಪ್ರತಿ ಮಾಡಿದೆ. ಮೊದಲ ಪಿಟೀಲಿಗೆ, ಕೊಳಲಿಗೆ, ವೀಣೆಗೆ ಅವುಗಳಲ್ಲಿ ಒಂದೊಂದು ಕಡೆ ಉಸಿರು ಬಿಗಿಹಿಡಿಯುವಂಥ ಜಾಗಗಳಿವೆ. ಎರಡನೇ ಪಿಟೀಲಿಗೆ ಮಾತ್ರ ಎಲ್ಲಿಯೂ ಕಷ್ಟವಿಲ್ಲ, ಎಲ್ಲಿಯೂ ಅದು ಒಂಟಿಯಾಗಿಲ್ಲ.

ಮೊನ್ನೆ ನನ್ನ ಹತ್ತಿರ ಕಲಿಯುತ್ತಿರುವ ಶಾಲೆಯ ಮೇಷ್ಟ್ರೊಬ್ಬರು, ಓದಿ ತಿಳಿದವರು, ಆ ಹಾಳೆಗಳನ್ನು ತಿರುವಿಹಾಕುತ್ತಾ ಕೇಳಿದರು, "ಇವರು ಎರಡನೇ ಪಿಟೀಲಿಗೆ ಇಷ್ಟು ಕಡಿಮೆ ಕೆಲಸ ಯಾಕೆ ಕೊಡ್ತಿದ್ರು, ಸಾರ್? ಅದು ಅವರ ಶೈಲಿಯೇ?"

ನಾನು ಕಮಾನಿಗೆ ರಾಳ ಉಜ್ಜುತ್ತಾ ಕೂತಿದ್ದೆ. "ಹೌದು, ಅವರ ಶೈಲಿ," ಎಂದೆ.